ಮೊಟ್ಟೆಗೆ ಮೀನಿನ ಪೆಟ್ಟಿಗೆ, ಮರಿಗೆ ಹೇಂಟೆ

ನಾಟಿ ಹೇಂಟೆ ಕಾವಿಗೆ ಬಂದಿದೆ ಅಂತ ಮೊದಲು ಗೊತ್ತಾಗುವುದು ಅದರ ದನಿಯಿಂದ. ನಿನ್ನೆ ಮೊನ್ನೆವರೆಗೆ ಅಂಗಳಕ್ಕೆಲ್ಲ ಕೇಳುವಂತೆ ಕೂಗಿ ಮೊಟ್ಟೆ ಇಟ್ಟ ಸುದ್ದಿ ಹೇಳುತ್ತಿದ್ದ ಕೋಳಿ, ಇದ್ದಕ್ಕಿದ್ದಂತೆ ಗಂಟಲೊಳಗೇ ‘ಕ್ಲೊಕ್, ಕ್ಲೊಕ್’ ಅನ್ನುತ್ತದೆ. ಗೂಡು ಬಿಟ್ಟು ಏಳುವುದಿಲ್ಲ. ಕೈ ಹಾಕಿದರೆ ಪುಕ್ಕ ಕೆದರಿಕೊಂಡು ಕುಕ್ಕುತ್ತದೆ. ಎತ್ತಿ ಹೊಟ್ಟೆ ಮುಟ್ಟಿ ನೋಡಿದರೆ ಅಲ್ಲಿ ಪುಕ್ಕ ಉದುರಿ ಚರ್ಮ ಬಿಸಿಯಾಗಿರುತ್ತದೆ. ಆ ಬರಿ ಚರ್ಮವೇ ಮೊಟ್ಟೆಗೆ ತಾಗಿ ಕಾವು ಕೊಡುವುದು.

ನಮ್ಮದು ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ. ಸಣ್ಣ ಕಾಫಿ ತೋಟ, ಒಂದಿಷ್ಟು ಗದ್ದೆ, ಮನೆ ಹಿಂದೆ ಕೋಳಿ ಒಡ್ಡಿ. ಕಳೆದ ಮಳೆಗಾಲದಲ್ಲಿ ಎರಡು ಹೇಂಟೆಗಳು ಒಟ್ಟಿಗೆ ಕಾವಿಗೆ ಬಂದವು. ಅದೇ ಹೊತ್ತಿಗೆ ನನ್ನ ಮೈದುನ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮೊಟ್ಟೆಗೆ ಕಾವು ಕೊಡುವ ಒಂದು ಇನ್‌ಕ್ಯುಬೇಟರ್ ಕಟ್ಟಿ ಮುಗಿಸಿದ್ದ. ಸರಿ, ಒಂದೇ ದಿನ ಕೋಳಿಯ ಅಡಿಗೂ ಪೆಟ್ಟಿಗೆಗೂ ಮೊಟ್ಟೆ ಇಡೋಣ ಅಂತ ಮಾತಾಯಿತು. ಅತ್ತೆಗೆ ಪೆಟ್ಟಿಗೆ ಮೇಲೆ ನಂಬಿಕೆ ಇಲ್ಲ. ಮೈದುನನಿಗೆ ಕೋಳಿ ಮೇಲೆ ನಂಬಿಕೆ ಇಲ್ಲ. ಎರಡು ಕಡೆಯ ಕೆಲಸವೂ ಬಿದ್ದದ್ದು ನನ್ನ ತಲೆಗೆ.

ಕೋಳಿ ಇರುವಾಗ ಪೆಟ್ಟಿಗೆ ಯಾಕೆ ಅಂತ ನೀವು ಕೇಳಬಹುದು. ನಾಟಿ ಹೇಂಟೆ ತನಗೆ ಮನಸ್ಸು ಬಂದಾಗ ಕಾವಿಗೆ ಕೂರುತ್ತದೆ, ನಮಗೆ ಬೇಕಾದಾಗ ಅಲ್ಲ. ಒಂದರ ಅಡಿ ಹತ್ತು ಹನ್ನೆರಡು ಮೊಟ್ಟೆಗಿಂತ ಜಾಸ್ತಿ ಹಿಡಿಸುವುದಿಲ್ಲ. ಇನ್ನು ನಮ್ಮ ಒಡ್ಡಿಯಲ್ಲಿ ಗಿರಿರಾಜ ಕೋಳಿಗಳೂ ಇವೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಮಾಡಿದ ತಳಿ ಅದು. ನಾಟಿ ಕೋಳಿ ವರ್ಷಕ್ಕೆ 60–80 ಮೊಟ್ಟೆ ಇಟ್ಟರೆ ಇದು ಅದರ ಎರಡರಷ್ಟು ಇಡುತ್ತದೆ. ಆದರೆ ಕಾವಿಗೆ ಕೂರುವ ಗೋಜಿಗೇ ಹೋಗುವುದಿಲ್ಲ. ಮೊಟ್ಟೆ ಇಟ್ಟು, ಹಿಂದೆ ತಿರುಗಿ ನೋಡದೆ ಹೊರಟುಬಿಡುತ್ತದೆ. ಹಾಗೆ ನೋಡಿದರೆ ಮೊಟ್ಟೆ ಜಾಸ್ತಿ ಬರುವುದೂ ಅದಕ್ಕೇ. ಕಾವಿಗೆ ಬಂದ ಕೋಳಿಯ ಮೈಯಲ್ಲಿ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನ್ ಏರುತ್ತದೆ, ಅದು ಏರಿದರೆ ಮೊಟ್ಟೆ ಇಡುವುದು ನಿಲ್ಲುತ್ತದೆ. ಕಾವೂ ಬೇಕು, ವರ್ಷವಿಡೀ ಮೊಟ್ಟೆಯೂ ಬೇಕು ಅಂದರೆ ಒಂದೇ ಕೋಳಿಯಿಂದ ಆಗದು.

ಮೊಟ್ಟೆ ಆರಿಸುವುದರಲ್ಲಿ ಅತ್ತೆಯದೇ ಕೊನೆಯ ಮಾತು. ತೀರಾ ದೊಡ್ಡದು ಬೇಡ, ತೀರಾ ಪುಟ್ಟದು ಬೇಡ, ಸಿಪ್ಪೆ ಒರಟಾಗಿದ್ದರೆ ಬೇಡ. ಕೂದಲೆಳೆಯಷ್ಟು ಸೀಳಿದ್ದರೂ ಅವರ ಬೆರಳಿಗೆ ಗೊತ್ತಾಗುತ್ತದೆ. ಗಲೀಜಾದ ಮೊಟ್ಟೆಯನ್ನು ತೊಳೆಯಬಾರದು. ತೊಳೆದರೆ ಸಿಪ್ಪೆಯ ಮೇಲಿನ ತೆಳು ಪೊರೆ ಹೋಗಿ ಕೊಳೆ ಒಳಗಿಳಿಯುತ್ತದೆ. ನಾವು ರಾಗಿ ಡಬ್ಬಿಯಲ್ಲಿ ಚೂಪು ತುದಿ ಕೆಳಗೆ ಮಾಡಿ ಸಾಲಾಗಿ ನೆಡುತ್ತೇವೆ. ಫ್ರಿಜ್‌ನಲ್ಲಿ ಇಡುವುದಿಲ್ಲ. ವಾರ ದಾಟಿದ ಮೊಟ್ಟೆ ಸಾರಿಗೆ ಹೋಗುತ್ತದೆ, ಕಾವಿಗಲ್ಲ. ಮರಿಗೆ ಇಡುವ ಮೊಟ್ಟೆಗೆ ಹುಂಜ ಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಎರಡಿದ್ದರೆ ಅವುಗಳ ಜಗಳ ನೋಡುವುದೇ ಒಂದು ಕೆಲಸ.

ಕೋಳಿಗೆ ಮನೆ ಮಾಡಿದ್ದು ಸೌದೆ ಕೊಟ್ಟಿಗೆಯ ಮೂಲೆಯಲ್ಲಿ. ಒಡ್ಡಿಯಲ್ಲೇ ಬಿಟ್ಟರೆ ಉಳಿದವು ಬಂದು ಅದೇ ಗೂಡಲ್ಲಿ ಮೊಟ್ಟೆ ಇಡುತ್ತವೆ. ಇನ್ನೊಂದು ಕಾರಣವೂ ಇದೆ. ನಮ್ಮ ಕಡೆ ಆನೆ ಕಾಟ. ರಾತ್ರಿ ಟಾರ್ಚ್ ಹಿಡಿದು ಒಡ್ಡಿಗೆ ಹೋಗಿ ಕೋಳಿ ನೋಡಿ ಬರುತ್ತೇನೆ ಅನ್ನುವ ಹಾಗಿಲ್ಲ. ಕೊಟ್ಟಿಗೆಗಾದರೆ ಮನೆಯೊಳಗಿಂದಲೇ ಬಾಗಿಲು.

ಹಳೇ ಮಂಕರಿಯ ತಳಕ್ಕೆ ಅತ್ತೆ ಒಲೆಯ ಬೂದಿ ಹರವಿದರು. ಮೇಲೆ ಭತ್ತದ ಹೊಟ್ಟು, ಅದರ ಮೇಲೆ ಒಣಹುಲ್ಲು. ನಡುವೆ ಗುಳಿ. ಅಂಚಿಗೆ ನಾಲ್ಕು ಎಲೆ ಲಕ್ಕಿ ಸೊಪ್ಪು. ಕಾವಿಗೆ ಕೂತ ಕೋಳಿ ಮಣ್ಣಾಡುವುದು ಕಮ್ಮಿ, ಹಾಗಾಗಿ ಹೇನು ಬೇಗ ಹತ್ತುತ್ತದೆ. ಹೇನಿನ ಕಾಟ ತಡೆಯಲಾರದೆ ಅರ್ಧದಲ್ಲಿ ಗೂಡು ಬಿಟ್ಟು ಎದ್ದ ಹೇಂಟೆಗಳನ್ನು ನೋಡಿದ್ದೇನೆ. ಬೂದಿಯೂ ಸೊಪ್ಪೂ ಅದಕ್ಕೆ. ಕೊನೆಗೆ ಅತ್ತೆ ಒಂದು ಕಬ್ಬಿಣದ ಮೊಳೆ, ಒಂದು ಇದ್ದಿಲು ಚೂರು ಹುಲ್ಲಿನೊಳಗೆ ತೂರಿಸಿದರು. ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ.

ಇದನ್ನು ನಾನು ತಮಾಷೆ ಮಾಡುವುದಿಲ್ಲ. ಮೊಳೆ ಗುಡುಗನ್ನು ತಡೆಯುತ್ತದೆ ಅಂತಲೂ ನಂಬುವುದಿಲ್ಲ. ನಮ್ಮಲ್ಲಿ ಗುಡುಗು ಜೋರಾಗಿರುವುದು ಏಪ್ರಿಲ್, ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು. ಆಗ ಸೆಕೆಯೂ ಜಾಸ್ತಿ. ಕಾವಿಗೆ ಇಡುವ ಮೊದಲೇ ಮೊಟ್ಟೆ ಬೆಚ್ಚಗಿನ ಜಾಗದಲ್ಲಿ ಕೂತರೆ ಒಳಗೆ ಜೀವ ಅರೆಬರೆ ಬೆಳೆಯಲು ಶುರುಮಾಡಿ ಸತ್ತುಹೋಗುತ್ತದೆ. ಆ ತಿಂಗಳ ಮೊಟ್ಟೆ ಕೆಡುವುದು ನಿಜ. ಬೈಗುಳ ಮಾತ್ರ ಗುಡುಗಿಗೆ ಬೀಳುತ್ತದೆ, ಅಷ್ಟೇ.

ಹೇಂಟೆಯನ್ನು ಹೊಸ ಜಾಗಕ್ಕೆ ಕತ್ತಲಾದ ಮೇಲೆಯೇ ಕೂರಿಸಬೇಕು. ಹಗಲು ಕೂರಿಸಿದರೆ ಎದ್ದು ಹಳೇ ಗೂಡಿಗೆ ಓಡುತ್ತದೆ. ರಾತ್ರಿ ಮೆಲ್ಲಗೆ ಎತ್ತಿ ತಂದು, ಮೊದಲು ಒಂದೆರಡು ಹಳೇ ಮೊಟ್ಟೆ ಕೊಟ್ಟು ಕೂರಿಸಿದೆವು. ನೆಲೆ ನಿಂತಿದೆ ಅಂತ ಖಾತ್ರಿಯಾದ ಮೇಲೆ ಒಳ್ಳೆ ಮೊಟ್ಟೆ. ಎಲ್ಲದಕ್ಕೂ ಪೆನ್ಸಿಲ್‌ನಲ್ಲಿ ಗುರುತು. ಗುರುತಿಲ್ಲದ ಮೊಟ್ಟೆ ಕಂಡರೆ ಅದು ಬೇರೆ ಕೋಳಿಯ ಕಿತಾಪತಿ. ಅತ್ತೆ ಬೆಸ ಸಂಖ್ಯೆಯಲ್ಲೇ ಇಟ್ಟರು. ಯಾಕೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆಮೇಲೆ ಕೋಳಿಯ ಕಡೆ ನಮಗೆ ಹೆಚ್ಚು ಕೆಲಸವೇ ಇರಲಿಲ್ಲ. ದಿನಕ್ಕೊಮ್ಮೆ ಅದೇ ಏಳುತ್ತದೆ. ಒಂದು ದೊಡ್ಡ ಹಿಕ್ಕೆ ಹಾಕುತ್ತದೆ, ಅದರ ವಾಸನೆ ಸಹಿಸುವುದು ಕಷ್ಟ. ಕಾಳು ತಿಂದು, ನೀರು ಕುಡಿದು, ಹದಿನೈದು ಇಪ್ಪತ್ತು ನಿಮಿಷದಲ್ಲಿ ವಾಪಸ್. ಮೊದಲ ಸಲ ನೋಡಿದಾಗ ಮೊಟ್ಟೆ ತಣ್ಣಗಾಗುತ್ತದಲ್ಲ ಅಂತ ನಾನು ಗಾಬರಿಯಾಗಿದ್ದೆ. ಅತ್ತೆ ಅಂದರು, “ಅದ್ಕೆ ಗೊತ್ತು ಕಣವ್ವ, ನೀ ಸುಮ್ಕಿರು.” ಕೂತಾಗ ಕೊಕ್ಕಿನಿಂದ ಮೊಟ್ಟೆಯನ್ನು ಎಳೆದು ತಿರುಗಿಸುತ್ತದೆ. ನಡುವಿನದನ್ನು ಅಂಚಿಗೆ, ಅಂಚಿನದನ್ನು ನಡುವಿಗೆ. ಯಾರೂ ಹೇಳಿಕೊಡಬೇಕಿಲ್ಲ.

ಪೆಟ್ಟಿಗೆಗೆ ಎಲ್ಲವನ್ನೂ ಹೇಳಿಕೊಡಬೇಕು.

ಮಂಗಳೂರು ಕಡೆಯಿಂದ ಮೀನು ಬರುವ ಥರ್ಮೋಕೋಲ್ ಪೆಟ್ಟಿಗೆ ಸಕಲೇಶಪುರದ ಮೀನಂಗಡಿಯಲ್ಲಿ ಸಿಗುತ್ತದೆ. ಗೋಡೆ ದಪ್ಪ, ಬಿಸಿ ಬೇಗ ಹೋಗುವುದಿಲ್ಲ. ಸೋಪು ಹಾಕಿ ತೊಳೆದು ಬಿಸಿಲಿಗೆ ಒಣಗಿಸಿದರೂ ಸ್ವಲ್ಪ ದಿನ ಬಂಗುಡೆ ವಾಸನೆ ಇದ್ದೇ ಇತ್ತು. ಒಳಗೆ ಎರಡು ಹಳೇ ಕಾಲದ ತಂತಿ ಬಲ್ಬು, ಯಾಕೆಂದರೆ ಎಲ್‌ಇಡಿ ಬಲ್ಬಿನಲ್ಲಿ ಬೇಕಾದಷ್ಟು ಬಿಸಿ ಬರುವುದಿಲ್ಲ. ಒಂದು ಕೆಟ್ಟ ಕಂಪ್ಯೂಟರಿನಿಂದ ಕಿತ್ತ ಪುಟ್ಟ ಫ್ಯಾನು. ಬಿಸಿ ಏರಿದಾಗ ಬಲ್ಬು ಆರಿಸಿ, ಇಳಿದಾಗ ಹಚ್ಚುವ ಒಂದು ಥರ್ಮೋಸ್ಟಾಟ್. ಗಾಳಿಯಾಡಲು ಪಕ್ಕದಲ್ಲೂ ಮುಚ್ಚಳದಲ್ಲೂ ತೂತು. ಬಲ್ಬು ಎರಡು ಹಾಕಿದ್ದು ಒಂದು ಸುಟ್ಟುಹೋದರೂ ಇನ್ನೊಂದು ಉಳಿಯಲಿ ಅಂತ.

ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ ಬೇಕು. ಅರ್ಧ ಡಿಗ್ರಿ ಕಮ್ಮಿಯಾದರೆ ಮರಿ ತಡವಾಗಿ ಬರುತ್ತದೆ. ಜಾಸ್ತಿಯಾದರೆ ಬೇಗ ಬರುತ್ತದೆ, ಆದರೆ ಹೊಕ್ಕುಳು ಮುಚ್ಚಿರುವುದಿಲ್ಲ, ಕಾಲು ಗಟ್ಟಿ ಇರುವುದಿಲ್ಲ. 40 ದಾಟಿ ಕೆಲವು ಗಂಟೆ ನಿಂತರೆ ಒಳಗಿನ ಜೀವವೇ ಹೋಗುತ್ತದೆ. ತಣುಪನ್ನು ಮೊಟ್ಟೆ ಸ್ವಲ್ಪ ತಡೆದುಕೊಳ್ಳುತ್ತದೆ, ಬಿಸಿಯನ್ನಲ್ಲ. ಥರ್ಮೋಸ್ಟಾಟ್ ತೋರಿಸುವ ಸಂಖ್ಯೆಯನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನು ಮೊಟ್ಟೆಯ ಎತ್ತರದಲ್ಲೇ ಇಟ್ಟು ಹೋಲಿಸಿ ನೋಡಿದೆವು. ಎರಡಕ್ಕೂ ವ್ಯತ್ಯಾಸ ಇತ್ತು. ಅದನ್ನು ಸರಿಮಾಡಿ, ಖಾಲಿ ಪೆಟ್ಟಿಗೆಯನ್ನು ಹಗಲು ರಾತ್ರಿ ಓಡಿಸಿ, ಬಿಸಿ ಒಂದೇ ಕಡೆ ನಿಂತ ಮೇಲೆಯೇ ಮೊಟ್ಟೆ ಇಟ್ಟಿದ್ದು. ಥರ್ಮೋಸ್ಟಾಟಿನ ಸೆನ್ಸರ್ ಬಲ್ಬಿನ ಹತ್ತಿರ ನೇತಾಡುತ್ತಿದ್ದರೆ ಈ ಲೆಕ್ಕ ಎಲ್ಲ ವ್ಯರ್ಥ.

ತಿರುಗಿಸುವ ಕೆಲಸ ಮಗಳದ್ದು. ಮೊಟ್ಟೆಯ ಒಂದು ಮೈಗೆ ಸೊನ್ನೆ, ಇನ್ನೊಂದು ಮೈಗೆ ಗುಣಿಸು ಗುರುತು. ಬೆಳಗ್ಗೆ ಶಾಲೆಗೆ ಹೋಗುವ ಮೊದಲು, ಬಂದ ಮೇಲೆ, ಮಲಗುವ ಮೊದಲು. ತಿರುಗಿಸದೆ ಬಿಟ್ಟರೆ ಒಳಗಿನ ಜೀವ ಸಿಪ್ಪೆಯ ಪೊರೆಗೆ ಅಂಟಿಕೊಳ್ಳುತ್ತದೆ. ದಿನಕ್ಕೆ ಮೂರು ಸಲ ಅಂದರೆ ಅದು ತೀರಾ ಕನಿಷ್ಠ. ಬೆಸ ಸಂಖ್ಯೆ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ರಾತ್ರಿಯ ಉದ್ದ ಹೊತ್ತು ಮೊಟ್ಟೆ ಇವತ್ತು ಒಂದು ಮೈ ಮೇಲೆ ಮಲಗಿದ್ದರೆ ನಾಳೆ ಇನ್ನೊಂದು ಮೈ ಮೇಲೆ ಮಲಗುತ್ತದೆ. ಇದನ್ನು ಹೇಳಿದಾಗ ಅತ್ತೆ, “ನಾ ಹೇಳಿರ್ನಿಲ್ವಾ ಬೆಸವೇ ಆಗ್ಬೇಕು ಅಂತ” ಅಂದರು. ಅವರು ಹೇಳಿದ್ದು ಬೇರೆ ಬೆಸ. ಯಾರು ವಾದ ಮಾಡುತ್ತಾರೆ.

ಮಳೆಗಾಲದ ಮಲೆನಾಡಿನಲ್ಲಿ ಕರೆಂಟ್ ಕಥೆ ಹೇಳುವ ಹಾಗೇ ಇಲ್ಲ. ಮರ ಬಿದ್ದರೆ ಲೈನ್ ಹೋಯಿತು, ಗಾಳಿ ಬಂದರೂ ಹೋಯಿತು. ಯುಪಿಎಸ್ ಸ್ವಲ್ಪ ಹೊತ್ತು ಎಳೆಯುತ್ತದೆ. ಅದೂ ಮುಗಿದ ಮೇಲೆ ಪೆಟ್ಟಿಗೆಯನ್ನು ಬಚ್ಚಲು ಒಲೆಯ ಹಿಂದಿನ ಗೋಡೆಗೆ ಒತ್ತರಿಸಿ, ಮೇಲೆ ಕಂಬಳಿ ಹೊದೆಸಿ, ಒಳಗೆ ಬಿಸಿನೀರಿನ ಬಾಟಲಿ ಇಡುತ್ತಿದ್ದೆವು. ಗಾಳಿಯ ತೂತನ್ನು ಮಾತ್ರ ಪೂರ್ತಿ ಮುಚ್ಚಲಿಲ್ಲ. ದೊಡ್ಡದಾದ ಮರಿಗೆ ಸಿಪ್ಪೆಯೊಳಗೂ ಉಸಿರು ಬೇಕು. ಹೇಂಟೆಯೇ ದಿನಾ ಎದ್ದು ಹೋಗಿ ಬರುತ್ತದೆ ಅನ್ನುವುದು ಕಣ್ಣೆದುರೇ ಇದ್ದದ್ದರಿಂದ ನನಗೆ ಭಯ ಕಮ್ಮಿಯಾಗಿತ್ತು. ಕೊನೆಯ ವಾರದ ಮೊಟ್ಟೆಗಳು ತಾವೇ ಬಿಸಿ ಹುಟ್ಟಿಸುತ್ತವೆ. ಒತ್ತಾಗಿ ಜೋಡಿಸಿದ್ದರೆ ಒಂದಕ್ಕೊಂದು ಬೆಚ್ಚಗಿಡುತ್ತವೆ.

ಈಗ ನೀರಿನ ವಿಷಯ. ಇಡೀ ಕೆಲಸದಲ್ಲಿ ನನ್ನ ತಲೆ ಜಾಸ್ತಿ ತಿಂದದ್ದು ಇದೇ.

ಪಕ್ಕದ ತೋಟದ ಅಕ್ಕ ನಮಗಿಂತ ಮೊದಲೇ ಒಂದು ರೆಡಿಮೇಡ್ ಮಿಷನ್ ತರಿಸಿದ್ದರು. ಅದರ ಜೊತೆ ಬಂದ ಹಾಳೆಯಲ್ಲಿ ತೊಟ್ಟಿಗೆ ಸದಾ ನೀರು ತುಂಬಿರಬೇಕು ಅಂತ ಬರೆದಿತ್ತು. ಅವರು ಹಾಗೇ ಮಾಡಿದರು. ಆಷಾಢದ ಮಳೆಯಲ್ಲಿ ಇಟ್ಟ ಮೊಟ್ಟೆಗಳಲ್ಲಿ ಅರ್ಧಕ್ಕರ್ಧ ಒಡೆಯಲೇ ಇಲ್ಲ. ಅವರು ನನ್ನನ್ನು ಕರೆದು ಹಿತ್ತಲಲ್ಲಿ ಅವನ್ನು ಒಡೆದು ತೋರಿಸಿದರು. ಒಳಗೆ ಪೂರ್ತಿ ಬೆಳೆದ ಮರಿ. ಪುಕ್ಕ ಇದೆ, ಉಗುರು ಇದೆ, ಸಿಪ್ಪೆ ಒಡೆಯಲು ಕೊಕ್ಕಿನ ತುದಿಯಲ್ಲಿ ಬರುವ ಬಿಳಿ ಮೊಳೆಯೂ ಇದೆ. ಆದರೆ ಮೈಯೆಲ್ಲ ಲೋಳೆ. ಮೊಟ್ಟೆಯ ದಪ್ಪ ತುದಿಯಲ್ಲಿ ಇರಬೇಕಾದ ಗಾಳಿಯ ಜಾಗ ತೀರಾ ಚಿಕ್ಕದು.

ಆ ಗಾಳಿಯ ಜಾಗವೇ ಮರಿಯ ಮೊದಲ ಉಸಿರು. ಸಿಪ್ಪೆ ಒಡೆಯುವ ಮೊದಲು ಮರಿ ಒಳಪೊರೆಯನ್ನು ತೂತು ಮಾಡಿ ಅಲ್ಲಿಗೆ ಕೊಕ್ಕು ಚಾಚುತ್ತದೆ. ಇಪ್ಪತ್ತೊಂದು ದಿನಗಳಲ್ಲಿ ಸಿಪ್ಪೆಯ ಸಣ್ಣ ರಂಧ್ರಗಳಿಂದ ನೀರು ಆರಿ ಆರಿ ಆ ಜಾಗ ದೊಡ್ಡದಾಗುತ್ತಾ ಬರಬೇಕು. ಸುತ್ತಲಿನ ಗಾಳಿಯಲ್ಲಿ ತೇವ ಜಾಸ್ತಿಯಾದರೆ ನೀರು ಆರುವುದಿಲ್ಲ. ಮರಿ ತನ್ನ ನೀರಿನಲ್ಲೇ ಮುಳುಗುತ್ತದೆ.

ಸಾಮಾನ್ಯವಾಗಿ ಹೇಳುವ ಲೆಕ್ಕ ಹೀಗೆ: ಮೊದಲ 18 ದಿನ ತೇವಾಂಶ ಶೇ. 50ರ ಸುತ್ತಮುತ್ತ, ಕೊನೆಯ ಮೂರು ದಿನ ಶೇ. 65–70. ಹಾಗಾದರೆ ಗೋಡೆಗೆಲ್ಲ ಬೂಷ್ಟು ಹಿಡಿಯುವ ನಮ್ಮ ಮಳೆಗಾಲದಲ್ಲಿ ಪೆಟ್ಟಿಗೆ ಒಳಗೂ ಶೇ. 90 ಇರಬೇಕಲ್ವಾ ಅಂತ ನಾನು ಅಂದುಕೊಂಡೆ. ಅಳೆದು ನೋಡಿದರೆ ನೀರು ಇಡದ ಪೆಟ್ಟಿಗೆಯಲ್ಲಿ ಶೇ. 40ರ ಚೂರು ಮೇಲೆ. ಮೈದುನ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ. ಹೊರಗಿನ 22 ಡಿಗ್ರಿಯ ಗಾಳಿ ತೇವದಿಂದ ತುಂಬಿ ತುಳುಕುತ್ತಿದ್ದರೂ, ಅದನ್ನೇ 37.5ಕ್ಕೆ ಕಾಯಿಸಿದಾಗ ಅದು ಹಿಡಿದುಕೊಳ್ಳಬಲ್ಲ ನೀರು ಎರಡು ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಹಾಗಾಗಿ ಅಷ್ಟೇ ನೀರು ಈಗ ಶೇ. 40 ಅಂತ ಕಾಣುತ್ತದೆ. ಜನವರಿಯ ಒಣ ಮಧ್ಯಾಹ್ನ ಇದೇ ಪೆಟ್ಟಿಗೆ ಓಡಿಸಿದರೆ ಶೇ. 20ರ ಹತ್ತಿರ ಇಳಿಯುತ್ತದೆ. ಆಗ ನೀರಿನ ಬಟ್ಟಲು ಬೇಕೇ ಬೇಕು. ಮಳೆಗಾಲದಲ್ಲಿ ಬಟ್ಟಲಿಟ್ಟು, ಗಾಳಿಯ ತೂತನ್ನೂ ಕಿರಿದು ಮಾಡಿದರೆ ಪಕ್ಕದ ತೋಟದ ಕಥೆಯೇ. ಆ ಹಾಳೆ ಬರೆದವರು ಯಾವ ಊರಿನ ಹವೆ ನೋಡಿ ಬರೆದರೋ, ನಮ್ಮ ಊರಿನದಂತೂ ಅಲ್ಲ.

ತೇವ ಅಳೆಯುವ ಅಗ್ಗದ ಮೀಟರುಗಳು ಸುಳ್ಳು ಹೇಳುತ್ತವೆ. ಪರೀಕ್ಷೆ ಮಾಡುವುದು ಸುಲಭ. ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದ ಹಾಗೆ ನಾಲ್ಕು ಹನಿ ನೀರು ಬೆರೆಸಿ, ಮೀಟರಿನ ಜೊತೆ ಗಾಳಿಯಾಡದ ಕವರಿನಲ್ಲಿ ಕಟ್ಟಿಡಿ. ಅರ್ಧ ದಿನ ಬಿಟ್ಟು ನೋಡಿದರೆ ಶೇ. 75 ತೋರಿಸಬೇಕು. ಎಷ್ಟು ವ್ಯತ್ಯಾಸ ಬಂತೋ ಅಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆಯಿತು. ಇನ್ನೂ ಗಟ್ಟಿ ದಾರಿ ತಕ್ಕಡಿ. ಇಡುವ ದಿನ ಎಲ್ಲ ಮೊಟ್ಟೆಯನ್ನೂ ಒಟ್ಟಿಗೆ ತೂಗಿ ಬರೆದಿಟ್ಟುಕೊಳ್ಳಿ. 18ನೇ ದಿನಕ್ಕೆ ತೂಕ ಶೇ. 12ರಷ್ಟು ಇಳಿದಿರಬೇಕು. 45 ಗ್ರಾಂನ ಇಪ್ಪತ್ತು ಮೊಟ್ಟೆ ಅಂದರೆ 900 ಗ್ರಾಂ. ಅದು 790ರ ಹತ್ತಿರ ಬಂದಿರಬೇಕು. ಇಳಿಯುವುದು ನಿಧಾನವಾದರೆ ನೀರು ತೆಗೆಯಿರಿ, ಬೇಗ ಇಳಿದರೆ ನೀರು ಇಡಿ. ನಾವು ಮಳೆಗಾಲದ ಮೊಟ್ಟೆಗೆ 18 ದಿನದವರೆಗೆ ಹನಿ ನೀರು ಇಡಲಿಲ್ಲ. ತಕ್ಕಡಿ ಸರಿಯಾಗಿದೆ ಅಂದಿತು. ಅತ್ತೆಯ ಹೇಂಟೆಗಳು ಈ ಗಲಾಟೆ ಯಾವುದೂ ಇಲ್ಲದೆ ಕೊಟ್ಟಿಗೆಯಲ್ಲಿ ನಿದ್ದೆ ಹೊಡೆಯುತ್ತಿದ್ದವು.

ಏಳನೇ ದಿನ ರಾತ್ರಿ ಲೈಟ್ ಆರಿಸಿ ಮೊಬೈಲ್ ಟಾರ್ಚಿನ ಮೇಲೆ ಒಂದೊಂದೇ ಮೊಟ್ಟೆ ಹಿಡಿದು ನೋಡಿದೆವು. ಜೀವ ಕಟ್ಟಿದ್ದರೆ ಕೆಂಪು ನರಗಳು ಹರಡಿರುತ್ತವೆ, ನಡುವೆ ಒಂದು ಕಪ್ಪು ಚುಕ್ಕೆ ಅಲುಗುತ್ತದೆ. ಏನೂ ಇಲ್ಲದೆ ಬೆಳ್ಳಗೆ ಕಂಡರೆ ಹುಂಜ ಸೇರದ ಮೊಟ್ಟೆ. ಕೆಂಪು ಉಂಗುರ ಮಾತ್ರ ಕಂಡರೆ ಶುರುವಾಗಿ ನಿಂತುಹೋದದ್ದು. ಅಂಥವನ್ನು ಬಿಡಬಾರದು, ಕೊಳೆತು ಸಿಡಿದರೆ ಉಳಿದವಕ್ಕೂ ಕೇಡು. ಅತ್ತೆಗೆ ಟಾರ್ಚ್ ಬೇಡ. ಮುಷ್ಟಿ ಮಡಚಿ ಅದರೊಳಗೆ ಮೊಟ್ಟೆ ಹಿಡಿದು ಬಿಸಿಲಿಗೆ ಒಡ್ಡಿ ನೋಡುವ ಅಭ್ಯಾಸ ಅವರದು. ಬಿಸಿಲೇ ಇಲ್ಲದ ಆ ವಾರದಲ್ಲಿ ಅವರೂ ಟಾರ್ಚಿಗೆ ಬಂದರು. ಅಲುಗುವ ಚುಕ್ಕೆ ನೋಡಿದ ಮೇಲೆ ಪೆಟ್ಟಿಗೆಯನ್ನು ಬೈಯುವುದು ನಿಲ್ಲಿಸಿದರು. ಹೇಂಟೆಗಳ ಅಡಿ ಖಾಲಿಯಾದ ಜಾಗಕ್ಕೆ ಪೆಟ್ಟಿಗೆಯಿಂದ ಒಳ್ಳೆ ಮೊಟ್ಟೆ ತೆಗೆದು ತುಂಬಿಸಿದೆವು. ಒಂದೇ ದಿನ ಇಟ್ಟಿದ್ದರ ಲಾಭ ಇದು.

18ನೇ ದಿನ ತಿರುಗಿಸುವುದು ನಿಲ್ಲಿಸಿ, ಜಾರದಂತೆ ಒರಟು ಬಟ್ಟೆ ಹಾಸಿ, ಈಗ ನೀರಿನ ಬಟ್ಟಲು ಇಟ್ಟು ಮುಚ್ಚಳ ಮುಚ್ಚಿದೆವು. ಇನ್ನು ತೆಗೆಯುವ ಹಾಗಿಲ್ಲ. ಹತ್ತೊಂಬತ್ತನೇ ದಿನ ರಾತ್ರಿಯೇ ಒಳಗಿಂದ ಚಿಂವ್ ಅನ್ನುವ ಸದ್ದು. ಕೊಟ್ಟಿಗೆಯಲ್ಲಿ ಹೇಂಟೆ ಆ ಸದ್ದಿಗೆ ಮೆಲ್ಲಗೆ ಉತ್ತರ ಕೊಡುತ್ತಿತ್ತು. ಪೆಟ್ಟಿಗೆಯಲ್ಲಿ ಉತ್ತರ ಕೊಡುವವರಿಲ್ಲ. ಮಗಳು ಮುಚ್ಚಳಕ್ಕೆ ಬಾಯಿ ಇಟ್ಟು ತಾನೇ ‘ಕ್ಲೊಕ್’ ಅನ್ನುತ್ತಾ ಕೂತಳು.

ಸಿಪ್ಪೆಗೆ ಮೊದಲ ಬಿರುಕು ಬಿದ್ದ ಮೇಲೆ ಮರಿ ಹೊರಬರಲು ಅರ್ಧ ದಿನ, ಕೆಲವಕ್ಕೆ ಒಂದು ಹಗಲು ಒಂದು ರಾತ್ರಿ. ಈ ಹೊತ್ತಿನಲ್ಲಿ ಸುಮ್ನೆ ಕೂರುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಮುಚ್ಚಳ ತೆಗೆದರೆ ತೇವದ ಗಾಳಿ ಹೊರಗೆ ಹೋಗಿ ಒಳಪೊರೆ ಒಣಗಿ ಮರಿಯ ಮೈಗೆ ಬಿಗಿಯುತ್ತದೆ. ಪಾಪ ಅಂತ ಸಿಪ್ಪೆ ಬಿಡಿಸಲು ಹೋದರೆ ಪೊರೆಯಲ್ಲಿ ಇನ್ನೂ ರಕ್ತ ಓಡುತ್ತಿರುತ್ತದೆ, ಹೊಟ್ಟೆಯೊಳಗೆ ಮೊಟ್ಟೆಯ ಹಳದಿ ಪೂರ್ತಿ ಸೇರಿರುವುದಿಲ್ಲ. ಮೈದುನನಿಗೆ ಕೈ ತಡೆಯುವುದಿಲ್ಲ. “ಅತ್ತಿಗೆ, ಒಂದೇ ಒಂದು ಚೂರು ಬಿಡುಸ್ತೀನಿ” ಅಂತ ಬಂದವನನ್ನು ನಾನು ಕೋಣೆಯಿಂದ ಆಚೆ ಕಳಿಸಿದೆ. ಹೊರಬಂದ ಮರಿಗೆ ತಕ್ಷಣ ತಿಂಡಿಯೂ ಬೇಡ. ಹೊಟ್ಟೆಯೊಳಗೆ ಸೇರಿದ ಹಳದಿಯೇ ಎರಡು ಮೂರು ದಿನಕ್ಕೆ ಸಾಕು. ಮರಿ ಕೇಂದ್ರದವರು ಒಂದು ದಿನದ ಮರಿಯನ್ನು ದೂರದ ಊರಿಗೆ ಡಬ್ಬದಲ್ಲಿ ಕಳಿಸುವುದು ಇದೇ ಧೈರ್ಯದ ಮೇಲೆ. ಹೇಂಟೆ ಕೊನೆಯ ಮರಿ ಬರುವವರೆಗೆ ಗೂಡಿನಲ್ಲೇ ಕೂರುವುದೂ ಇದೇ ಕಾರಣಕ್ಕೆ.

ಪೆಟ್ಟಿಗೆ ಗೆದ್ದಿತಾ, ಕೋಳಿ ಗೆದ್ದಿತಾ ಅಂತ ಮನೆಯಲ್ಲಿ ಚರ್ಚೆ ಆಯಿತು. ಮರಿ ಬಂದ ಲೆಕ್ಕದಲ್ಲಿ ಇಬ್ಬರೂ ಹತ್ತಿರ ಹತ್ತಿರ. ನನ್ನ ಪ್ರಕಾರ ಮೊಟ್ಟೆ ಒಡೆಯುವವರೆಗಿನದ್ದು ಅರ್ಧ ಕೆಲಸವೂ ಅಲ್ಲ.

ಪೆಟ್ಟಿಗೆಯ ಮರಿಗಳ ಮೈ ಒಣಗಿ ನಿಲ್ಲುವಂತಾದ ಮೇಲೆ, ಅದೇ ರಾತ್ರಿ ಅವನ್ನು ಹೇಂಟೆಗಳ ಅಡಿಗೆ ಸೇರಿಸಿದೆವು. ಅತ್ತೆಯೇ ಮಾಡಿದರು. ದೀಪ ಇಲ್ಲ, ಮಾತಿಲ್ಲ. ಒಂದು ಕೈಯಲ್ಲಿ ಹೇಂಟೆಯ ರೆಕ್ಕೆ ಚೂರು ಎತ್ತಿ, ಇನ್ನೊಂದು ಕೈಯಲ್ಲಿ ಮರಿಯನ್ನು ಹಿಂದಿನಿಂದ ತೂರಿಸುವುದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಕೋಳಿಗೆ ಎಣಿಸಲು ಬರುವುದಿಲ್ಲ. ಬೆಳಗ್ಗೆ ಎದ್ದಾಗ ಅಡಿಯಲ್ಲಿ ಇದ್ದವೆಲ್ಲ ಅದರದ್ದೇ. ಆದರೆ ಮೂರು ದಿನ ದಾಟಿದ ಮರಿಯನ್ನು ಹೀಗೆ ಸೇರಿಸಲು ಹೋದರೆ ಮರಿಯೇ ಹೇಂಟೆಗೆ ಹೆದರುತ್ತದೆ. ಬಣ್ಣ ಬೇರೆಯಾದರೆ ಕುಕ್ಕುವ ಹೇಂಟೆಗಳೂ ಇವೆ. ಹಾಗಾಗಿ ಮಾರನೇ ದಿನ ಬೆಳಗ್ಗೆ ಬೆಳಕು ಹರಿಯುವ ಮೊದಲೇ ಎದ್ದು ನೋಡಬೇಕು. ನಮ್ಮ ಕೆಂಪು ಹೇಂಟೆ ಯಾವ ತಕರಾರೂ ಮಾಡಲಿಲ್ಲ. ಬೋಳು ಕತ್ತಿನದು ಒಂದು ಕಪ್ಪು ಮರಿಯನ್ನು ಒಪ್ಪಲೇ ಇಲ್ಲ. ಅದನ್ನು ತೆಗೆದು ಕೆಂಪಿನ ಕಡೆ ಹಾಕಿದೆವು.

ಹಾಗಂತ ಸಿಕ್ಕಾಪಟ್ಟೆ ತುಂಬಿಸಬಾರದು. ಬೇಸಿಗೆಯಲ್ಲಿ ಒಂದು ಹೇಂಟೆ ಹದಿನೈದು ಇಪ್ಪತ್ತು ಮರಿ ಸಂಭಾಳಿಸುತ್ತದೆ. ಮಳೆಗಾಲದ ರಾತ್ರಿ ಎಲ್ಲ ಮರಿಯೂ ರೆಕ್ಕೆಯಡಿ ಸೇರಬೇಕು. ಹೊರಗುಳಿದದ್ದು ಬೆಳಗ್ಗೆಗೆ ಇರುವುದಿಲ್ಲ. ಉಳಿದ ಮರಿಗಳನ್ನು ಬಲ್ಬಿನ ಅಡಿ ಸಾಕಿದೆವು. ತಗಡನ್ನು ದುಂಡಗೆ ಬಾಗಿಸಿ, ಒಳಗೆ ಭತ್ತದ ಹೊಟ್ಟು, ಮೊದಲ ಒಂದೆರಡು ದಿನ ಅದರ ಮೇಲೆ ಪೇಪರ್, ಇಲ್ಲದಿದ್ದರೆ ಮರಿ ಹೊಟ್ಟನ್ನೇ ತಿನ್ನುತ್ತದೆ. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುವುದು. ಥರ್ಮಾಮೀಟರಿಗಿಂತ ಮರಿಯನ್ನೇ ನೋಡುವುದು ಒಳ್ಳೆಯದು. ಬಲ್ಬಿನ ಅಡಿ ಒಂದರ ಮೇಲೊಂದು ಬಿದ್ದಿದ್ದರೆ ಚಳಿ. ತಗಡಿಗೆ ಒತ್ತಿಕೊಂಡು ಬಾಯಿ ಬಿಡುತ್ತಿದ್ದರೆ ಸೆಕೆ. ಎಲ್ಲವೂ ಒಂದೇ ಪಕ್ಕಕ್ಕೆ ಸರಿದಿದ್ದರೆ ಎಲ್ಲಿಂದಲೋ ಗಾಳಿ ಬೀಸುತ್ತಿದೆ. ನೀರಿನ ತಟ್ಟೆಗೆ ಗೋಲಿ ಗಾತ್ರದ ಕಲ್ಲು ತುಂಬಬೇಕು. ಮರಿ ಬೆರಳಾಳದ ನೀರಿನಲ್ಲೂ ಮುಳುಗುತ್ತದೆ.

ಒಂದೇ ದಿನ ಹುಟ್ಟಿದ ಎರಡು ಗುಂಪು ಪಕ್ಕಪಕ್ಕದಲ್ಲಿ ಬೆಳೆಯುವುದನ್ನು ನೋಡುವಾಗ ವ್ಯತ್ಯಾಸ ಕಂಡಿತು. ಬಲ್ಬಿನ ಮರಿಗಳು ಸ್ಟಾರ್ಟರ್ ಫೀಡ್ ತಿಂದು ಬೇಗ ದಪ್ಪಗಾದವು. ಹೇಂಟೆಯ ಮರಿಗಳು ತೂಕದಲ್ಲಿ ಹಿಂದೆ, ಬುದ್ಧಿಯಲ್ಲಿ ಮುಂದೆ. ಹೇಂಟೆ ಕೆದಕಿದ ಕಡೆ ಕೆದಕುತ್ತವೆ. ಅದು ಕೊಕ್ಕಿನಲ್ಲಿ ಹಿಡಿದು ಕರೆದು ಕೆಳಗೆ ಹಾಕಿದ್ದನ್ನು ಮಾತ್ರ ತಿನ್ನುತ್ತವೆ. ಮೈದುನ ತೋಟದಿಂದ ಗೆದ್ದಲು ಹಿಡಿದ ಮರದ ತುಂಡು ತಂದು ಕೊಡವಿದರೆ ಅಂಗಳದಲ್ಲಿ ಹಬ್ಬ. ಮೇಲೆ ಹದ್ದಿನ ನೆರಳು ಸುಳಿದರೆ ಹೇಂಟೆ ಒಂದು ಉದ್ದನೆಯ ಕೀರಲು ದನಿ ತೆಗೆಯುತ್ತದೆ, ಅಷ್ಟೂ ಮರಿ ಕಾಫಿ ಗಿಡದ ಅಡಿ ಮಾಯ. ಬಲ್ಬಿನ ಮರಿಗಳನ್ನು ದೊಡ್ಡದಾದ ಮೇಲೆ ಹೊರಗೆ ಬಿಟ್ಟಾಗ ಅವು ಬಯಲಲ್ಲಿ ನಿಂತು ಕತ್ತು ಓರೆ ಮಾಡಿ ಹದ್ದನ್ನು ನೋಡುತ್ತಿದ್ದವು. ಹದ್ದಿಗಿಂತ ಮುಂಗುಸಿಗೆ ಜಾಸ್ತಿ ಕೊಟ್ಟೆವು. ಅದು ಹಗಲಲ್ಲೇ ಬಂತು. ಇದಾದ ಮೇಲೆಯೇ ಒಡ್ಡಿಗೆ ಕೆಳಗಿನಿಂದ ಸಣ್ಣ ಕಣ್ಣಿನ ಜಾಲರಿ ಹೊಡೆದದ್ದು.

ಲಸಿಕೆ ಬಗ್ಗೆ ಹೇಳದೆ ಇದ್ದರೆ ಉಳಿದದ್ದೆಲ್ಲ ದಂಡ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದರೆ ಊರಿನ ಒಡ್ಡಿಗಳೇ ಖಾಲಿಯಾಗುತ್ತವೆ. ಹಸಿರು ಭೇದಿ, ಕತ್ತು ತಿರುಚುವುದು, ಆಮೇಲೆ ಮುಗಿಯಿತು. ಇದಕ್ಕೆ ಔಷಧ ಇಲ್ಲ, ಲಸಿಕೆ ಮಾತ್ರ. ಏಳನೇ ದಿನದ ಹೊತ್ತಿಗೆ ಲಸೋಟಾ ಅನ್ನುವ ಲಸಿಕೆ, ಕಣ್ಣಿಗೆ ಒಂದು ಹನಿ. ನಾಲ್ಕನೇ ವಾರ ಮತ್ತೊಮ್ಮೆ. ಎಂಟನೇ ವಾರ ಆರ್‌2ಬಿ ಚುಚ್ಚುಮದ್ದು. ತೊಂದರೆ ಏನೆಂದರೆ ಸೀಸೆ ಬರುವುದು ನೂರಾರು ಕೋಳಿಯ ಲೆಕ್ಕದಲ್ಲಿ, ನಮ್ಮ ಹತ್ತಿರ ಇರುವುದು ಬೆರಳೆಣಿಕೆಯ ಮರಿ. ಒಮ್ಮೆ ಕಲಸಿದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ಅಕ್ಕಪಕ್ಕದ ತೋಟದವರನ್ನೆಲ್ಲ ಸೇರಿಸಿಕೊಂಡು ಒಂದೇ ಬೆಳಗ್ಗೆ ಇಟ್ಟುಕೊಂಡೆವು. ಕಾಫಿ ಫ್ಲಾಸ್ಕಿನಲ್ಲಿ ಐಸ್ ತುಂಬಿ ಸೀಸೆ ತಂದದ್ದು ಮೈದುನ. ದಾರಿಯಲ್ಲಿ ಬೆಚ್ಚಗಾದರೆ ಅದು ಬರೀ ನೀರು. ಮಕ್ಕಳು ಮರಿ ಹಿಡಿದು ಕೊಡುತ್ತಿದ್ದರು, ಪಕ್ಕದ ತೋಟದ ಅಕ್ಕ ಹನಿ ಹಾಕುತ್ತಿದ್ದರು, ಅತ್ತೆ ಎಲ್ಲರಿಗೂ ಕಡುಬು ಬೇಯಿಸಿದರು.

ಮೂರನೇ ವಾರದಲ್ಲಿ ಬಲ್ಬಿನ ಗುಂಪಿನ ಕೆಲವು ಮರಿ ಮುದುಡಿ ನಿಂತವು, ಹಿಕ್ಕೆಯಲ್ಲಿ ರಕ್ತ. ರಕ್ತಭೇದಿ. ಒದ್ದೆ ಹೊಟ್ಟಿನಲ್ಲಿ ಹುಟ್ಟುವ ಕಾಟ ಇದು. ಪಶು ಆಸ್ಪತ್ರೆಯಲ್ಲಿ ಕೇಳಿ ನೀರಿಗೆ ಬೆರೆಸುವ ಔಷಧಿ ತಂದೆವು. ಔಷಧಿಗಿಂತ ಮುಖ್ಯ ಹೊಟ್ಟು ಬದಲಾಯಿಸುವುದು. ಮಳೆಗಾಲದಲ್ಲಿ ಒಣ ಹೊಟ್ಟು ಎಲ್ಲಿ ಸಿಗಬೇಕು? ಬಚ್ಚಲು ಒಲೆಯ ಪಕ್ಕ ಚೀಲಗಟ್ಟಲೆ ಒಣಗಿಸಿಟ್ಟುಕೊಳ್ಳಬೇಕು, ಮರಿ ಬರುವ ಮೊದಲೇ.

ಎರಡು ತಿಂಗಳಾಗುವ ಹೊತ್ತಿಗೆ ಹೇಂಟೆಗಳು ತಮ್ಮ ಮರಿಗಳನ್ನು ತಾವೇ ಕುಕ್ಕಿ ಓಡಿಸಲು ಶುರುಮಾಡಿದವು. ಕೆಂಪು ಹೇಂಟೆ ಮತ್ತೆ ಮೊಟ್ಟೆಗೆ ಬಂತು. ಮರಿಗಳು ತಬ್ಬಿಬ್ಬಾಗಿ ಎರಡು ದಿನ ಅದರ ಹಿಂದೆ ಸುತ್ತಿ, ಆಮೇಲೆ ತಮ್ಮಷ್ಟಕ್ಕೆ ಒಡ್ಡಿ ಹತ್ತಿದವು.

ಈಗ ಮನೆಯಲ್ಲಿ ಮುಂದಿನ ಮೊಟ್ಟೆ ಯಾವಾಗ ಇಡುವುದು ಅನ್ನುವ ಮಾತು ನಡೆದಿದೆ. ನಾಟಿ ಹುಂಜ ಸಾರಿಗೆ ಬರಲು ಐದಾರು ತಿಂಗಳು ಬೇಕು. ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಹುಂಜ ಬೇಕು ಅಂದರೆ ಸೆಪ್ಟೆಂಬರ್ ಕೊನೆಗಾದರೂ ಮೊಟ್ಟೆ ಇಡಬೇಕು. ಅಷ್ಟರಲ್ಲಿ ಮಳೆ ಸ್ವಲ್ಪ ಹಿಂದೆ ಸರಿದಿರುತ್ತದೆ, ಹೊಟ್ಟೂ ಒಣಗಿರುತ್ತದೆ. ಮೈದುನ ಇನ್ನೊಂದು ಮೀನಿನ ಪೆಟ್ಟಿಗೆ ತಂದಿಟ್ಟಿದ್ದಾನೆ. ಅತ್ತೆ ಯಾವ ಹೇಂಟೆ ಕಾವಿಗೆ ಬರುತ್ತದೆ ಅಂತ ದಿನಾ ಒಡ್ಡಿಗೆ ಕಿವಿ ಕೊಡುತ್ತಿದ್ದಾರೆ. ಬೋಳು ಕತ್ತಿನದು ಬಂದರೆ ಅದಕ್ಕೆ ಕಪ್ಪು ಮರಿ ಕೊಡುವುದಿಲ್ಲ ಅಂತ ಮಾತ್ರ ತೀರ್ಮಾನವಾಗಿದೆ.